ಅಮ್ಮ ಮಾತಾಡಿದ ಆರು ವಾರ

ನನ್ನ ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹಾಗಂತ ಅವಳನ್ನು ಮಾತು ಬಾರದವಳು ಎಂದುಕೊಂಡವರು ಕೆಟ್ಟರು. ಎದುರಿಗೆ ಐದು ನಿಮಿಷ ಕೂತರೆ ಸಾಕು, ಊರ ಉಸಾಬರಿಯೆಲ್ಲ ಆ ಹತ್ತು ಬೆರಳುಗಳಿಂದ ಸುರಿಯುತ್ತಿತ್ತು. ಅಪ್ಪನಿಗೂ ಕಿವಿ ಕೇಳುತ್ತಿರಲಿಲ್ಲ. 'ಸ್ವಲ್ಪ ಕೈ ಮುಚ್ಚೇ ಮಾರಾಯ್ತಿ' ಎಂದು ಅವನು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಅವಳು ಮುಚ್ಚುತ್ತಿರಲಿಲ್ಲ. ಅವನು ಎದ್ದು ಹೋದರೆ ಹಿಂದೆಯೇ ಹೋಗಿ, ಭುಜ ತಟ್ಟಿ ತನ್ನ ಕಡೆ ತಿರುಗಿಸಿಕೊಂಡು ಮಾತು ಮುಗಿಸುತ್ತಿದ್ದಳು.

ಕೈಮಾತಿನವರು ಒಬ್ಬರನ್ನೊಬ್ಬರು ಕಾಗದದ ಮೇಲಿನ ಹೆಸರಿನಿಂದ ಕರೆಯುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಗುರುತು ಇರುತ್ತದೆ. ತೋರುಬೆರಳನ್ನು ಕೆನ್ನೆಗೆ ಒತ್ತಿ ತಿರುಗಿಸಿದರೆ ಅದು ಅಮ್ಮ, ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತದಲ್ಲ, ಅದಕ್ಕೆ. ಕಿವಿಯ ಪಕ್ಕ ಬೆರಳು ಸುತ್ತಿದರೆ ಅವಳ ಗೆಳತಿ ಗುಂಗುರು. ನನ್ನನ್ನು ಕರೆಯಬೇಕಾದರೆ ಕಿವಿಯ ಹಾಲೆಯನ್ನು ಮುಟ್ಟಿಕೊಳ್ಳುತ್ತಾರೆ. ಇಬ್ಬರು ಕಿವುಡರ ಮನೆಯಲ್ಲಿ ಕೇಳಿಸುವ ಕೂಸು ಹುಟ್ಟಿತೆಂದು ಮೊದಲ ವಾರದಲ್ಲೇ ನನಗೆ 'ಕಿವಿ' ಎಂದು ಹೆಸರಿಟ್ಟರು. ಆಮೇಲೆ ಆ ಹೆಸರೇ ನನ್ನ ಕೆಲಸವೂ ಆಯಿತು. ಐದನೇ ವಯಸ್ಸಿಗೆ ಮನೆ ಮಾಲೀಕನ ಜೊತೆ ಸೋರುವ ನಲ್ಲಿಯ ಬಗ್ಗೆ ವಾದ ಮಾಡಿದವಳು ನಾನು. ಆಸ್ಪತ್ರೆ, ಕಚೇರಿ, ಶಾಲೆ, ಎಲ್ಲೇ ಹೋದರೂ ಎರಡು ಕಡೆಯ ಮಾತು ಹೊರುವುದು ನನ್ನ ಪಾಲಿಗೆ.

ಅಮ್ಮ ಇಪ್ಪತ್ತಾರು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿದಳು. ಹೊಲಿದು ಬಂದ ಅಂಗಿಗಳಲ್ಲಿ ಅಳಿದುಳಿದ ದಾರಗಳನ್ನು ಕತ್ತರಿಸಿ, ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, ಮಡಚಿ ಮುಂದಕ್ಕೆ ತಳ್ಳುವ ಕೆಲಸ. ದಾರ ಕತ್ತರಿಸುವ ಆ ಪುಟ್ಟ ಕತ್ತರಿಗೆ ಬೆರಳು ತೂರಿಸುವ ಬಳೆಗಳಿರುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತುತ್ತಲೇ ಇರಬೇಕು. ಹಾಲ್ ತುಂಬ ಹೊಲಿಗೆ ಯಂತ್ರಗಳ ಗದ್ದಲ. ಆ ಗದ್ದಲದಲ್ಲಿ ಕಿವಿ ಇದ್ದವರೇ ಕಿವುಡರು. ಮೇಲ್ವಿಚಾರಕ ಗಂಟಲು ಹರಿದುಕೊಂಡರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಅಮ್ಮ ಮತ್ತು ಗುಂಗುರು ಮಾತ್ರ ಒಬ್ಬಳು ಈ ತುದಿ, ಒಬ್ಬಳು ಆ ತುದಿ ನಿಂತು, ಕೈ ಬಿಡುವಾದಾಗಲೆಲ್ಲ ಆರಾಮಾಗಿ ಹರಟುತ್ತಿದ್ದರು. ಅದೇ ಮೇಲ್ವಿಚಾರಕನ ಬಗ್ಗೆಯೇ ಹರಟುತ್ತಿದ್ದರು ಎಂಬುದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಪ್ಪ ಹೋಗಿ ಈಗ ಏಳು ವರ್ಷ. ಅವನು ಹೋದ ಮೇಲೆ ಅಮ್ಮ ನಮ್ಮ ಮನೆಗೆ ಬಂದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ, ನಾನು ಮತ್ತು ನನ್ನ ಗಂಡ. ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವರು. ನಾನು ವಿದ್ಯುತ್ ಕಂಪನಿಯ ದೂರು ವಿಭಾಗದಲ್ಲಿ ಕೂರುತ್ತೇನೆ. ಎಂಟು ಗಂಟೆ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕರೆಂಟು ಹೋದವರ ಬೈಗುಳ ಕೇಳಬೇಕು. ಕರೆಂಟು ತೆಗೆದವಳು ನಾನೇ ಎಂಬಂತೆ ಬೈಯುತ್ತಾರೆ. 'ಕ್ಷಮಿಸಿ, ನಿಮ್ಮ ತೊಂದರೆ ಅರ್ಥವಾಗುತ್ತದೆ' ಎಂದು ದಿನಕ್ಕೆ ನೂರು ಸಲ ಹೇಳಿ ಮನೆಗೆ ಬಂದರೆ ನನ್ನೊಳಗೆ ಇನ್ನೊಬ್ಬರ ಮಾತಿಗೆ ಜಾಗವೇ ಉಳಿದಿರುವುದಿಲ್ಲ.

ಅಮ್ಮನ ಮಾತು ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಕಥೆಗಳು ಹೋದವು. ಆಮೇಲೆ ಜಗಳ ಹೋಯಿತು. ಕೊನೆಗೆ ಉಳಿದದ್ದು ಹೂಂ, ಊಹೂಂ, ಊಟ, ಸಾಕು, ಮಲಗು. ಎರಡು ಕೈ ಬೇಕಾದ ಮಾತನ್ನು ಒಂದೇ ಕೈಯಲ್ಲಿ ಅರ್ಧ ಮಾಡಿ ಬಿಡುತ್ತಿದ್ದಳು. ಗಂಡ ಹೋದ ದುಃಖ, ವಯಸ್ಸು, ಸ್ವಭಾವ ಮೆತ್ತಗಾಗಿದೆ ಎಂದು ನಾನು ಲೆಕ್ಕ ಹಾಕಿದೆ. ನನ್ನ ಗಂಡ ತಮಾಷೆಗೆ, "ಮಾತು ಬೆಳ್ಳಿ ಮೌನ ಬಂಗಾರ ಅಂತಾರಲ್ಲ, ನಿಮ್ಮಮ್ಮ ವಯಸ್ಸಾದ ಮೇಲೆ ಬಂಗಾರ ಆದ್ರು ನೋಡು" ಎಂದರು. ನಾನು ನಕ್ಕೆ. ಮುಚ್ಚಿಡುವುದೇಕೆ, ಆ ಮೌನ ನನಗೆ ಹಿತವಾಗಿತ್ತು. ಬಾಗಿಲು ತೆರೆದು ಒಳಗೆ ಬಂದರೆ ಯಾರೂ ಏನೂ ಹೇಳುವುದಿಲ್ಲ. ಅದಕ್ಕಿಂತ ಸುಖ ಯಾವುದಿದೆ ಎಂದು ಚಪ್ಪಲಿ ಬಿಡುತ್ತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವಳ ಬೆರಳುಗಳು ಗಂಟುಗಟ್ಟಿದ್ದು ನನಗೆ ಕಾಣಲಿಲ್ಲವೆಂದಲ್ಲ. ತುದಿಯ ಗೆಣ್ಣುಗಳಲ್ಲಿ ಬಟಾಣಿಯಂಥ ಗಂಟುಗಳು, ಹೆಬ್ಬೆರಳಿನ ಬುಡ ಚೌಕಾಕಾರವಾಗಿ ಹೊರಕ್ಕೆ ಚಾಚಿತ್ತು. ಬೀದಿ ಕೊನೆಯ ಕ್ಲಿನಿಕ್ಕಿಗೆ ಎರಡು ಸಲ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರು ಮೇಜಿನ ಆಚೆಯಿಂದಲೇ ನೋಡಿ, "ಸವೆತ. ವಯಸ್ಸಾಯ್ತಲ್ಲ, ಇದಕ್ಕೇನೂ ಮಾಡಕ್ಕಾಗಲ್ಲ" ಎಂದು ನೋವಿನ ಗುಳಿಗೆ ಬರೆದುಕೊಟ್ಟರು. ಗುಳಿಗೆ ಅವಳ ಹೊಟ್ಟೆ ಸುಟ್ಟಿತು. ಬಿಟ್ಟಳು. ಗುಂಡಿಯಿರುವ ಬಟ್ಟೆ ಬಿಟ್ಟು ತಲೆಯ ಮೇಲಿಂದ ತೊಡುವ ನಿಲುವಂಗಿ ಹಾಕತೊಡಗಿದಳು. ಡಬ್ಬಿಗಳ ಮುಚ್ಚಳ ಅರ್ಧ ಮಾತ್ರ ಹಾಕಿಡುತ್ತಿದ್ದಳು. ಇರುವೆ ಬರುತ್ತದೆಂದು ನಾನು ರೇಗುತ್ತಿದ್ದೆ. ಅವಳು ಸುಮ್ಮನೆ ತಲೆಯಾಡಿಸುತ್ತಿದ್ದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು. ಕನ್ನಡಿ ಹಿಡಿದವಳು ಗುಂಗುರು ಚಿಕ್ಕಮ್ಮ. ಅವಳು ಬೇರೆ ಊರಿನಲ್ಲಿ ತನ್ನ ಮಗಳ ಮನೆಯಲ್ಲಿದ್ದಾಳೆ. ಇಬ್ಬರೂ ವಾರಕ್ಕೆರಡು ಸಲ ವಿಡಿಯೋ ಕಾಲಿನಲ್ಲಿ ಮಾತಾಡುತ್ತಿದ್ದವರು. ಅಮ್ಮ ಅದನ್ನೂ ತಪ್ಪಿಸತೊಡಗಿದಾಗ ಗೆಳತಿಯರಿಗೆ ಏನೋ ಮನಸ್ತಾಪ ಎಂದುಕೊಂಡೆ. ಒಂದು ಭಾನುವಾರ ಗುಂಗುರು ನನ್ನ ಫೋನಿಗೇ ಕರೆ ಮಾಡಿದಳು. ಕುಶಲ ಗಿಶಲ ಏನಿಲ್ಲ, ಮುಖ ಕಂಡ ತಕ್ಷಣ ಕೈ ಎತ್ತಿದಳು.

"ನಿಮ್ಮಮ್ಮ ಗೊಣಗ್ತಾಳೆ" ಎಂದಳು. "ಮಾತೆಲ್ಲ ಕಲಸಿ ಹೋಗ್ತಿದೆ. 'ನಾಳೆ' ಅಂತಾಳೋ 'ನೀರು' ಅಂತಾಳೋ ನಂಗೆ ತಿಳಿಯಲ್ಲ. ಎರಡು ಸಲ ಕೇಳಿದ್ರೆ ಫೋನೇ ಇಟ್ಬಿಡ್ತಾಳೆ."

"ವಯಸ್ಸಾಯ್ತಲ್ಲ ಚಿಕ್ಕಮ್ಮ" ಎಂದೆ.

"ನಂಗೇನು ಹದಿನಾರಾ?" ಎಂದಳು. "ಬೆರಳು ಮಡಚಕ್ಕೆ ಆಗ್ತಿಲ್ಲ ಅವಳಿಗೆ. ಮುಷ್ಟಿ ಮುಚ್ಚಲ್ಲ. ನೋವಿನಲ್ಲಿ ಮುಖ ಹಿಂಡ್ತಾಳೆ. ಒಂದೇ ಮನೇಲಿದ್ದು ನಿಂಗೆ ಕಾಣ್ಸಿಲ್ವಾ? ಹೋಗಲಿ ಬಿಡು, ದಿನಾ ನೋಡೋರಿಗೆ ಕಾಣ್ಸಲ್ಲ."

ಬಿಡು ಎಂದು ಅವಳು ಹೇಳಿದಳು, ನನಗೆ ಬಿಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ನೋಡಿದೆ. ಅಮ್ಮ ಟೀ ಲೋಟವನ್ನು ಬೆರಳಿನಿಂದ ಹಿಡಿಯದೆ ಎರಡು ಅಂಗೈಗಳ ನಡುವೆ ಒತ್ತಿ ಎತ್ತುತ್ತಿದ್ದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ದೊಡ್ಡಾಸ್ಪತ್ರೆಯ ಕೀಲು ವಿಭಾಗದಲ್ಲಿ ಮೂರು ವಾರದ ನಂತರ ಸರದಿ ಸಿಕ್ಕಿತು. ಗೋಡೆಗೆ ಬೋಲ್ಟು ಹಾಕಿ ಬಿಗಿದ ಕುರ್ಚಿಗಳು, ಚೀಟಿಯ ಸಂಖ್ಯೆ ಕೂಗುವ ನರ್ಸು. ಎರಡು ಗಂಟೆ ಕಾದೆವು. ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಕಣ್ಣಿನ ಕೆಳಗೆ ಕಪ್ಪು. ನನ್ನಷ್ಟೇ ದಣಿದಿದ್ದರು ಅನ್ನಿಸಿತು. ಆದರೆ ಒಂದು ಕೆಲಸ ಮಾಡಿದರು, ಅದನ್ನು ನಾನು ಬೇರೆ ಡಾಕ್ಟರುಗಳಲ್ಲಿ ಕಂಡದ್ದು ಕಡಿಮೆ. ಪ್ರಶ್ನೆ ಕೇಳುವಾಗ ನನ್ನನ್ನು ನೋಡದೆ ಅಮ್ಮನನ್ನೇ ನೋಡಿ ಕೇಳಿದರು.

ಕುರ್ಚಿ ಎಳೆದುಕೊಂಡು ಬಂದು ಅಮ್ಮನ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೊಂದು ದಿಂಬಿಟ್ಟು ಅದರ ಮೇಲೆ ಇರಿಸಿಕೊಂಡರು. ತಮ್ಮ ಬೆರಳುಗಳ ಹಿಂಬದಿಯನ್ನು ಒಂದೊಂದು ಗೆಣ್ಣಿನ ಮೇಲೂ ತಾಗಿಸಿ, ಆಮೇಲೆ ಮಣಿಕಟ್ಟಿನ ಮೇಲೆ ತಾಗಿಸಿ, ಮತ್ತೆ ಗೆಣ್ಣಿಗೆ ಬಂದರು. ಬಿಸಿ ಎಲ್ಲಿದೆ ಎಂದು ಹೋಲಿಸುತ್ತಿದ್ದರು. ನಂತರ ಗೆಣ್ಣನ್ನು ನಾಲ್ಕೂ ಕಡೆಯಿಂದ ಮೆಲ್ಲಗೆ ಒತ್ತಿದರು. ನಡು ಗೆಣ್ಣುಗಳಿಗೆ ಬಂದಾಗ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ಈ ತುದಿ ಗಂಟು ಮುಟ್ಟಿ ನೋಡಿ" ಎಂದು ನನ್ನ ಬೆರಳನ್ನೇ ಹಿಡಿದು ಇಟ್ಟರು. "ಕಲ್ಲಿನ ಥರ ಇದೆ ಅಲ್ವಾ? ಅದು ಮೂಳೆ. ಅದು ಹೋಗಲ್ಲ, ಈಗ ಅಷ್ಟು ನೋಯೋದೂ ಇಲ್ಲ. ಈಗ ಈ ನಡುವಿಂದು ಮುಟ್ಟಿ. ಮೆತ್ತಗೆ, ಬಿಸಿಯಾಗಿ, ನೀರು ತುಂಬಿದ ಹಾಗೆ. ಇದು ಬೇರೆ."

ಬೆಳಿಗ್ಗೆ ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕು, ನೋವಿಗೆ ನಿದ್ದೆ ಕೆಡುತ್ತದೆಯೇ, ಮಂಡಿ, ಪಾದ ಬೇರೆಲ್ಲಾದರೂ ಊದುತ್ತದೆಯೇ ಎಂದೆಲ್ಲ ಕೇಳಿದರು. ನಾನು ಅಮ್ಮನಿಗೆ ಕೈಯಲ್ಲಿ ಹೇಳಿ, ಅವಳ ಉತ್ತರವನ್ನು ಬಾಯಲ್ಲಿ ಹೇಳುತ್ತಿದ್ದೆ. ಆಮೇಲೆ ಡಾಕ್ಟರು ಕೇಳಿದರು, "ಅಮ್ಮ, ಈ ಕೈಯಿಂದ ನಿಮಗೆ ಯಾವ ಕೆಲಸ ಮಾಡಕ್ಕೆ ತುಂಬ ಕಷ್ಟ?"

ಡಬ್ಬಿ ಮುಚ್ಚಳ, ಗುಂಡಿ, ಬಟ್ಟೆ ಹಿಂಡುವುದು ಇಂಥದ್ದೇನೋ ಹೇಳುತ್ತಾಳೆ ಎಂದುಕೊಂಡು ನಾನು ಬಾಯಿ ತೆರೆಯಲು ಸಿದ್ಧಳಾಗಿದ್ದೆ. ಅಮ್ಮ ಹೇಳಿದಳು, "ಮಾತು."

ಅದನ್ನು ಬಾಯಲ್ಲಿ ಹೇಳದೆ ನಾನು ತಡೆದೆ. ಡಾಕ್ಟರು ನನ್ನ ಕಡೆ ನೋಡಿದರು.

ಇನ್ನೊಬ್ಬರ ಮಾತು ಹೊರುವವರಿಗೆ ಒಂದು ನಿಯಮವಿದೆ. 'ಅವಳು ಹೀಗೆ ಅಂದಳು' ಎನ್ನುವಂತಿಲ್ಲ. ಅವಳು 'ನಾನು' ಎಂದರೆ ನಾವೂ 'ನಾನು' ಎನ್ನಬೇಕು. ಐದು ವರ್ಷದವಳಿದ್ದಾಗಿನಿಂದ ರೂಢಿಯಾದದ್ದು. ಆ ದಿನ ಆ ಕೋಣೆಯಲ್ಲಿ ನನ್ನ ಬಾಯಿಂದಲೇ ಹೇಳಬೇಕಾಯಿತು, "ನಂಗೆ ಮಾತಾಡಿದ್ರೆ ನೋವಾಗುತ್ತೆ."

ಅಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ನಿಧಾನವಾಗಿ, ಒಂದೊಂದು ಬೆರಳನ್ನೂ ಎಳೆದು ತಂದು ಹೇಳಿದಳು. ನಾನು ಮತ್ತೆ ತಡೆದೆ. ಅವಳು ನನ್ನ ಮೊಣಕಾಲು ತಟ್ಟಿದಳು. "ಹೇಳು. ಪೂರ್ತಿ ಹೇಳು. ಚಿಕ್ಕವಳಿದ್ದಾಗ ಮಾಡ್ತಿದ್ದ ಹಾಗೆ ನುಂಗಬೇಡ."

ಹೇಳಿದೆ. "ನನ್ನ ಮಗಳು ಕೆಲಸದಿಂದ ಸುಸ್ತಾಗಿ ಬರ್ತಾಳೆ. ನಾನು ಸುಮ್ನಿದ್ರೆ ಅವಳಿಗೆ ಆರಾಮ. ಅಷ್ಟು ನೋವು ತಿಂದು ಯಾರ ಹತ್ರ ಮಾತಾಡ್ಲಿ?"

ಡಾಕ್ಟರು ನನ್ನ ಮುಖ ನೋಡಲಿಲ್ಲ. ಆ ಒಂದು ದಾಕ್ಷಿಣ್ಯಕ್ಕೆ ಅವರಿಗೆ ನಾನು ಋಣಿ. ಪೆನ್ನು ತೆಗೆದು, "ಇವರು ಮಾತು ಕಡಿಮೆ ಮಾಡಿದ್ದು ಯಾವಾಗಿಂದ?" ಎಂದು ಬರೆದುಕೊಳ್ಳಲು ಕಾದರು. ನನಗೆ ಗೊತ್ತಿರಲಿಲ್ಲ. ಅಮ್ಮನೇ ಬೆರಳೆತ್ತಿ ತೋರಿಸಿದಳು, "ನಾಲ್ಕು ವರ್ಷ."

ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಸ್ಕ್ಯಾನಿನ ಕೋಣೆಯಲ್ಲಿ ಬೆರಳುಗಳಿಗೆ ತಣ್ಣನೆಯ ಲೋಳೆ ಸವರಿ ಪುಟ್ಟ ಸಾಧನವೊಂದನ್ನು ಗೆಣ್ಣಿನ ಮೇಲೆ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಗುಡ್ಡಗಳಂಥವು ಕಂಡವು. ಡಾಕ್ಟರು ಒಂದು ಗುಂಡಿ ಒತ್ತಿದ ಕೂಡಲೇ ಆ ಬೂದಿಯ ನಡುವೆ ಕೆಂಪು, ಕಿತ್ತಳೆ ಚುಕ್ಕಿಗಳು ಮಿಣಮಿಣ ಹೊತ್ತಿಕೊಂಡವು. "ಕೀಲಿನ ಒಳಪೊರೆಗೆ ರಕ್ತ ಜಾಸ್ತಿ ನುಗ್ತಾ ಇದೆ. ಉರಿಯೂತ ಅಂದ್ರೆ ಇದೇ" ಎಂದರು. ಅಮ್ಮ ಪರದೆಯನ್ನೇ ದಿಟ್ಟಿಸಿ ನೋಡಿ, ಬಿಡುವಿದ್ದ ಕೈಯಿಂದ ನನಗೆ ಹೇಳಿದಳು, "ನೋಡಿದ್ಯಾ, ಸುಳ್ಳಲ್ಲ." ಸುಳ್ಳು ಎಂದು ನಾನು ಯಾವತ್ತೂ ಅಂದಿರಲಿಲ್ಲ. ಕೇಳಿಯೂ ಇರಲಿಲ್ಲ.

ಮುಂದಿನ ಸಲ ಹೋದಾಗ ಡಾಕ್ಟರು ಎಲ್ಲ ಕಾಗದ ಹರಡಿಕೊಂಡು ವಿವರಿಸಿದರು. ರಕ್ತದಲ್ಲಿ ಬೇರೆ ಬಗೆಯ ಸಂಧಿವಾತದ ಸುಳಿವಿಲ್ಲ. ಇದು ಕೀಲು ಸವೆತವೇ. ಆದರೆ ಸವೆತವೆಂದರೆ ಬರೀ ಒಣಗಿದ ಬಾಗಿಲ ತಿರುಗಣಿಯಂತೆ ಕಿರುಗುಡುವುದಲ್ಲ, ಕೆಲವರಲ್ಲಿ ಅದರ ಜೊತೆಗೇ ಕೀಲು ಒಳಗಿಂದ ಕೆರಳುತ್ತದೆ. ಅಮ್ಮನದು ಕೆರಳಿದ ಜಾತಿಯದು.

"ಸವೆದದ್ದನ್ನ ನಾನು ವಾಪಸ್ ತರಕ್ಕಾಗಲ್ಲ" ಎಂದರು. "ಕೆರಳಿರೋದನ್ನ ತಣ್ಣಗೆ ಮಾಡಕ್ಕೆ ಪ್ರಯತ್ನ ಮಾಡಬಹುದು. ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಮಾತ್ರೆ, ಆರು ವಾರ. ಆಮೇಲೆ ಎರಡು ವಾರದಲ್ಲಿ ಇಳಿಸಿ ನಿಲ್ಲಿಸ್ತೀವಿ. ನಿಲ್ಲಿಸಿದ ಮೇಲೆ ಊತ ವಾಪಸ್ ಬರಬಹುದು, ಅದನ್ನ ಈಗಲೇ ಹೇಳ್ತಿದೀನಿ."

"ಹಾಗಾದ್ರೆ ಜಾಸ್ತಿ ದಿನ ಕೊಡಬಾರ್ದಾ?" ನಾನು ಕೇಳಿದೆ. ಇದು ನನ್ನ ಸ್ವಂತ ಪ್ರಶ್ನೆ.

"ಮೂಳೆ ಟೊಳ್ಳಾಗುತ್ತೆ. ಸಕ್ಕರೆ, ಬಿಪಿ ಏರುತ್ತೆ. ಈ ವಯಸ್ಸಿಗೆ ಕೈ ಉಳಿಸಕ್ಕೆ ಹೋಗಿ ಸೊಂಟ ಮುರಿಸಕ್ಕಾಗಲ್ಲ."

ಅಮ್ಮನಿಗೆ ಹೇಳಿದೆ. ಅವಳು "ಆರು ವಾರ ಆರು ವಾರವೇ. ಕೊಡಕ್ಕೆ ಹೇಳು" ಎಂದಳು. ಹೊರಗೆ ಬಂದ ಮೇಲೆ ಡಾಕ್ಟರಿಗೂ ಒಂದು ಗುರುತು ಕೊಟ್ಟಳು, ಕೈಯ ಹಿಂಬದಿಯನ್ನು ಇನ್ನೊಂದು ಕೈಯ ಮೇಲೆ ತಾಗಿಸಿ ಸಣ್ಣಗೆ ನಡುಗಿಸುವುದು. ತಣ್ಣನೆ ಕೈಯವಳು.

ಬೆರಳಿಗೆ ಹಚ್ಚುವ ಮುಲಾಮು, ಬೆಳಿಗ್ಗೆ ಬಿಸಿನೀರಲ್ಲಿ ಕೈ ಇಡುವುದು, ಹೆಬ್ಬೆರಳಿನ ಬುಡಕ್ಕೆ ಪಟ್ಟಿ ಇವೂ ಇದ್ದವು. ಪಟ್ಟಿಯ ಜೊತೆ ಮಾತ್ರ ಅಮ್ಮನಿಗೆ ಮೊದಲ ದಿನವೇ ಜಗಳ. ಹೆಬ್ಬೆರಳು ಅಲುಗಾಡದಂತೆ ಹಿಡಿಯುವುದೇ ಅದರ ಕೆಲಸವಲ್ಲವೇ. "ಇದು ಬಾಯಿಗೆ ಬಟ್ಟೆ ತುರುಕಿದ ಹಾಗೆ" ಎಂದು ಕಿತ್ತು ಎಸೆದಳು. ಕೊನೆಗೆ ಕೆಲಸ ಮಾಡುವಾಗ ಹಾಕುವುದು, ಮಾತಾಡುವಾಗ ಬಿಚ್ಚುವುದು ಎಂದು ರಾಜಿಯಾಯಿತು.

ಮಾತ್ರೆ ಶುರುವಾದ ಐದನೇ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅಮ್ಮ ಬಚ್ಚಲ ಬಾಗಿಲಲ್ಲಿ ಬಂದು ನಿಂತು ಎರಡೂ ಮುಷ್ಟಿಗಳನ್ನು ಮುಚ್ಚಿ ತೋರಿಸಿದಳು. ಪೂರ್ತಿ ಮುಚ್ಚಿದ್ದವು. ಆಮೇಲೆ ಅವೇ ಮುಷ್ಟಿಗಳನ್ನು ಬಿಚ್ಚಿ ಹೇಳಿದ ಮೊದಲ ಮಾತು, "ನಿನ್ನ ಗಂಡ ಬೂಟು ಇಡೋ ಜಾಗ ನಂಗೆ ನಾಲ್ಕು ವರ್ಷದಿಂದ ಸರಿಹೋಗಿಲ್ಲ."

ಅಲ್ಲಿಂದ ಕಟ್ಟೆ ಒಡೆಯಿತು. ನನ್ನ ಅಡುಗೆಗೆ ಉಪ್ಪು ಹೆಚ್ಚು, ಎದುರು ಮನೆಯವಳು ಮೆಟ್ಟಿಲು ಗುಡಿಸದೆ ಕಸವನ್ನು ನಮ್ಮ ಕಡೆ ತಳ್ಳುತ್ತಾಳೆ, ನಾನು ಚಿಕ್ಕವಳಿದ್ದಾಗ ಗಣಿತದ ಮೇಡಂ ಹೇಳಿದ ದೂರನ್ನು ನುಂಗಿ 'ನಿಮ್ಮ ಮಗಳು ಜಾಣೆ' ಎಂದು ತಿರುಚಿ ಹೇಳಿದ್ದೆ, ಅದು ಆ ಮೇಡಮ್ಮಿನ ತುಟಿ ನೋಡಿಯೇ ತನಗೆ ಗೊತ್ತಾಗಿತ್ತು. ಎಲ್ಲ ಬಂತು. "ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಎಂದು ಕೇಳಿದೆ. "ಅಷ್ಟು ಚೆನ್ನಾಗಿ ಸುಳ್ಳು ಹೇಳೋಳು ಬದುಕ್ಕೊಳ್ತಾಳೆ ಅಂತ ಧೈರ್ಯ ಬಂತು" ಎಂದಳು.

ಅಪ್ಪನ ವಿಷಯವನ್ನೂ ಆ ದಿನಗಳಲ್ಲೇ ಹೇಳಿದಳು. ಆಸ್ಪತ್ರೆಯಲ್ಲಿ ಅವನ ಬಲಗೈಗೆ ಡ್ರಿಪ್ ಹಾಕಿ, ಕಿತ್ತುಕೊಳ್ಳಬಾರದೆಂದು ಮಂಚಕ್ಕೆ ಕಟ್ಟಿದ್ದರು. ನಾನು ಔಷಧಿ ತರಲು ಹೋಗಿದ್ದಾಗ ಅವನು ಎಡಗೈಯಲ್ಲಿ ಏನೋ ಹೇಳಿದನಂತೆ. ಎಡಗೈ ರೂಢಿಯಿಲ್ಲ, ಅರ್ಧ ಅರ್ಥವಾಗಲಿಲ್ಲ. ಅಮ್ಮ ಮತ್ತೆ ಕೇಳಿದಳು. ಅವನು ಮತ್ತೆ ಹೇಳಿದ. ಮೂರನೇ ಸಲಕ್ಕೆ ನಕ್ಕು, 'ಬಿಡು' ಎಂದ. "ಏನು ಅಂತ ಈಗಲೂ ಗೊತ್ತಿಲ್ಲ" ಎಂದಳು ಅಮ್ಮ. ಎಡಗೈಯಿಂದ ಅವನು ಮಾಡಿದ್ದನ್ನು ನನಗೆ ಮಾಡಿ ತೋರಿಸಿದಳು. ನನಗೂ ತಿಳಿಯಲಿಲ್ಲ. ಇಬ್ಬರೂ ಆ ಮಧ್ಯಾಹ್ನ ಎಷ್ಟೋ ಹೊತ್ತು ಆ ಒಂದು ಕೈಸನ್ನೆಯನ್ನು ಹಾಗೂ ಹೀಗೂ ತಿರುಗಿಸಿ ನೋಡುತ್ತ ಕೂತೆವು.

ಇದನ್ನೆಲ್ಲ ಕೇಳಿ ನಾನು ಆನಂದದಲ್ಲಿ ತೇಲಿದೆ ಎಂದರೆ ಅದು ಗಣಿತದ ಮೇಡಮ್ಮಿನ ಥರದ ಸುಳ್ಳಾದೀತು. ನನಗೆ ಸುಸ್ತಾಗುತ್ತಿತ್ತು. ಕೈಮಾತನ್ನು ತರಕಾರಿ ಹೆಚ್ಚುತ್ತ ಅರ್ಧ ಕಿವಿಯಲ್ಲಿ ಕೇಳಲಾಗುವುದಿಲ್ಲ. ಎದುರು ನಿಂತು ಕಣ್ಣಿಟ್ಟು ನೋಡಬೇಕು. ಮೂರನೇ ವಾರದಲ್ಲಿ ಒಂದು ದಿನ ಎಲ್ಲೋ ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟು ಅರ್ಧ ಊರಿಗೆ ಕರೆಂಟಿರಲಿಲ್ಲ. ಆ ಅರ್ಧ ಊರೂ ನನ್ನನ್ನು ಬೈದಿತ್ತು. ಮನೆಗೆ ಬಂದು ಕುರ್ಚಿಯಲ್ಲಿ ಕುಸಿದೆ. ಅಮ್ಮ ಎದುರು ಬಂದು ಶುರು ಮಾಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಕಿವಿ ಕೇಳದವರ ಎದುರು ಕಣ್ಣು ಮುಚ್ಚುವುದೆಂದರೆ ಮುಖಕ್ಕೆ ಬಾಗಿಲು ಬಡಿದಂತೆ. ಅದು ನನಗೆ ಮಾತು ಬರುವ ಮೊದಲೇ ಗೊತ್ತಿದ್ದ ಸಂಗತಿ. ಕಣ್ಣು ತೆರೆದಾಗ ಎದುರಿಗೆ ಯಾರೂ ಇರಲಿಲ್ಲ. ಅಮ್ಮ ಒಳಗೆ ಬಟ್ಟೆ ಮಡಚುತ್ತಿದ್ದಳು. ಫ್ಯಾಕ್ಟರಿಯಲ್ಲಿ ಮಡಚುತ್ತಿದ್ದಂತೆ, ಅಂಚಿಗೆ ಅಂಚು ಕೂಡಿಸಿ.

ಮರುದಿನ ಬೆಳಿಗ್ಗೆ ನಾನು ಕ್ಷಮೆ ಕೇಳಲು ಹೋದೆ. ಅವಳು ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ನಂಗೇನು ಗೊತ್ತಿಲ್ವಾ? ನೀನು ಮೂರು ವರ್ಷದವಳಿದ್ದಾಗ ದಿನಕ್ಕೆ ನೂರು ಪ್ರಶ್ನೆ ಕೇಳ್ತಿದ್ದೆ. ಫ್ಯಾಕ್ಟರಿಯಿಂದ ಬಂದು ನಾನೂ ಕಣ್ಣು ಮುಚ್ಕೊಳ್ತಿದ್ದೆ. ನೀನು ನನ್ನ ರೆಪ್ಪೆ ಎತ್ತಿ ನೋಡ್ತಿದ್ದೆ." ನನಗದು ನೆನಪಿಲ್ಲ. ಅವಳಿಗಿದೆ.

ಐದನೇ ವಾರ ಗುಂಗುರು ಚಿಕ್ಕಮ್ಮ ರೈಲು ಹತ್ತಿ ಬಂದಳು. ಮೂರು ದಿನ ಇದ್ದಳು. ಇಬ್ಬರೂ ಮಂಚದ ಮೇಲೆ ಎದುರುಬದುರಾಗಿ ಕೂತು ಮಾತಾಡಿದ್ದೇ ಮಾತಾಡಿದ್ದು. ಚಿಕ್ಕಮ್ಮನಿಗೆ ಈಗ ಕಣ್ಣು ಮಂದ. ಕಿಟಕಿಯ ಬೆಳಕು ಅಮ್ಮನ ಕೈಮೇಲೆ ಬೀಳುವ ಹಾಗೆ ಮಂಚವನ್ನೇ ಎಳೆದು ತಿರುಗಿಸಬೇಕಾಯಿತು. ಮೇಲ್ವಿಚಾರಕನ ನಡಿಗೆಯನ್ನು ಇಬ್ಬರೂ ಎರಡು ಬೆರಳಲ್ಲಿ ನಡೆಸಿ ನಕ್ಕರು. ಹೊರಡುವ ದಿನ ಗುಂಗುರು ನನಗೆ, "ಈಗ ಸ್ಪಷ್ಟ ಇದೆ. ಒಂದಕ್ಷರ ತಪ್ಪಿಲ್ಲ" ಎಂದಳು.

ಆರು ವಾರ ಮುಗಿದು ಮಾತ್ರೆ ಅರ್ಧವಾಯಿತು, ಕಾಲು ಭಾಗವಾಯಿತು, ನಿಂತಿತು. ನಿಂತ ಹತ್ತು ದಿನಕ್ಕೆ ಅಮ್ಮ ಮತ್ತೆ ಲೋಟವನ್ನು ಅಂಗೈಗಳ ನಡುವೆ ಎತ್ತಿದ್ದನ್ನು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು.

ಡಾಕ್ಟರು ಮತ್ತೆ ಬೆರಳ ಹಿಂಬದಿ ತಾಗಿಸಿ ನೋಡಿದರು. ನಡು ಗೆಣ್ಣುಗಳು ಮತ್ತೆ ಬಿಸಿ. ಮೊದಲಿನಷ್ಟಲ್ಲ, ಆದರೂ ಬಿಸಿ. ಅಮ್ಮ ಮಾತ್ರೆ ಇನ್ನೊಂದು ಸಲ ಕೊಡಿ ಎಂದು ಕೇಳಲಿಲ್ಲ. ನಾನು ಕೇಳಿದೆ. ಅವರು ಈ ಸಲದ ರಕ್ತ ಪರೀಕ್ಷೆಯ ಕಾಗದ ನನ್ನ ಕಡೆ ತಿರುಗಿಸಿ ಸಕ್ಕರೆಯ ಅಂಕಿಯ ಮೇಲೆ ಪೆನ್ನಿಟ್ಟರು. ಆರು ವಾರದಲ್ಲೇ ಏರಿತ್ತು.

"ಇದನ್ನ ತಡೆದು ನಿಲ್ಲಿಸೋಂಥ ಔಷಧಿ ಇನ್ನೂ ನಮ್ಮ ಕೈಯಲ್ಲಿಲ್ಲ" ಎಂದರು. "ಒಂದಷ್ಟು ಪ್ರಯತ್ನಗಳು ನಡೀತಿವೆ. ಬಂದ ದಿನ ನಾನೇ ಫೋನ್ ಮಾಡ್ತೀನಿ. ಅಲ್ಲಿವರೆಗೆ ಹೆಬ್ಬೆರಳಿನ ಬುಡಕ್ಕೆ ಒಂದು ಇಂಜೆಕ್ಷನ್ ಹಾಕಿ ನೋಡೋಣ. ಮುಲಾಮು, ಬಿಸಿನೀರು ಬಿಡಬೇಡಿ. ಜಾಸ್ತಿ ಊದಿದ ದಿನ ಕೈಗೆ ರಜೆ ಕೊಡಿ."

ಕೈಗೆ ರಜೆ ಎಂಬುದನ್ನು ನಾನು ಅಮ್ಮನಿಗೆ ಹೇಳಿದಾಗ ಅವಳು ಡಾಕ್ಟರನ್ನು ನೋಡಿ ಗುಳಿ ಬೀಳುವಂತೆ ನಕ್ಕಳು. "ಇವಳಿಗೆ ಯಾರಾದ್ರೂ ಬಾಯಿಗೆ ರಜೆ ಕೊಡು ಅಂದಿದ್ದಾರಾ ಕೇಳು." ಕೇಳಿದೆ. ಡಾಕ್ಟರು, "ನನ್ನ ಮನೆಯವರು ದಿನಾ ಅಂತಾರೆ" ಎಂದರು.

ಇಂಜೆಕ್ಷನ್ ಸ್ವಲ್ಪ ಕೆಲಸ ಮಾಡಿತು. ಹೆಬ್ಬೆರಳು ಪರವಾಗಿಲ್ಲ. ಉಳಿದ ಬೆರಳುಗಳು ಅವುಗಳ ಮನಸ್ಸು ಬಂದ ಹಾಗೆ. ಕೆಲವು ವಾರ ತೆಪ್ಪಗಿರುತ್ತವೆ, ಕೆಲವು ವಾರ ಕೆರಳುತ್ತವೆ. ಬೆಳಿಗ್ಗೆ ಎದ್ದಾಗ ಕೈ ಮರದ ತುಂಡು. ಬಿಸಿನೀರಲ್ಲಿಟ್ಟು, ಮುಲಾಮು ಸವರಿ, ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತದೆ. ಮಧ್ಯಾಹ್ನ ಎರಡರ ಮೇಲೆ ಮತ್ತೆ ಭಾರ. ಅವಳಿಗೆ ಮಾತಾಡಲು ಸಿಗುವುದು ಆ ನಡುವಿನ ಹೊತ್ತು. ನಾನು ಮೇಲಿನವರನ್ನು ಕಾಡಿ ಬೇಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡೆ. ಆ ಪಾಳಿಯಲ್ಲಿ ಬೈಗುಳ ಇನ್ನೂ ಹೆಚ್ಚು, ಸಂಜೆ ಹೊತ್ತು ದೀಪ ಹೋದರೆ ಜನಕ್ಕೆ ಸಿಟ್ಟು ಜಾಸ್ತಿ. ಆದರೆ ಹತ್ತರಿಂದ ಹನ್ನೆರಡೂವರೆಯವರೆಗೆ ನಾನು ಮನೆಯಲ್ಲಿರುತ್ತೇನೆ.

ನನ್ನ ಗಂಡನಿಗೆ ಮದುವೆಯಾದಾಗಿನಿಂದ ಬರುತ್ತಿದ್ದದ್ದು ಹತ್ತೇ ಮಾತು. ಈಗ ಅವರು ಅಂಗಡಿಗೆ ಹೊರಡುವ ಮುಂಚೆ ಅರ್ಧ ಗಂಟೆ ಅಮ್ಮನ ಎದುರು ಕೂರುತ್ತಾರೆ. ಮೊದಲೆಲ್ಲ ಅಮ್ಮನ ಕೈವೇಗಕ್ಕೆ ಹೆದರಿ ಓಡುತ್ತಿದ್ದವರು. ಈಗ ಆ ಕೈಗಳು ನಿಧಾನ. ಕಲಿಯುವವರಿಗೆ ಅದೇ ಅನುಕೂಲ. ಅವರು ತಪ್ಪಿದಾಗ ಅಮ್ಮ ಅವರ ಬೆರಳು ಹಿಡಿದು ತಿದ್ದುತ್ತಾಳೆ. ಬೂಟು ಇಡುವ ಜಾಗ ಬದಲಾಗಿದೆ.

ಎಲ್ಲ ದಿನವೂ ಹೀಗಿರುವುದಿಲ್ಲ. ಮೊನ್ನೆ ಹತ್ತಾಯಿತು, ಹತ್ತೂವರೆಯಾಯಿತು, ಅಮ್ಮ ಕಿಟಕಿಯ ಬಳಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಮೊದಲಾಗಿದ್ದರೆ ನಾನು ಪತ್ರಿಕೆ ಬಿಡಿಸಿಕೊಂಡು ಕೂರುತ್ತಿದ್ದೆ. ಹೋಗಿ ಎದುರು ನಿಂತೆ. ಹಿಂದಿನ ದಿನ ನಾನು ಅಳುತ್ತ ಎದ್ದು ಹೋಗುವ ಹಾಗೆ ಫೋನಿನಲ್ಲಿ ಒಬ್ಬ ಬೈದಿದ್ದ. ನನಗೂ ಮಾತು ಬೇಕಾಗಿರಲಿಲ್ಲ. ಆದರೂ ಕೇಳಿದೆ, "ನೋವಾ? ಕೋಪಾನಾ?"

ಅಮ್ಮ ನನ್ನ ಮುಖ ನೋಡಿದಳು. ಮಡಿಲಿನಿಂದ ಒಂದು ಕೈಯನ್ನು ಕಷ್ಟಪಟ್ಟು ಮೇಲೆತ್ತಿ ಎರಡು ಬೆರಳು ತೋರಿಸಿದಳು.

"ಎರಡೂ."

ಅವಳ ಕೈಗಳಿಗೆಂದು ನಾನು ಒಲೆಯ ಮೇಲೆ ನೀರಿಟ್ಟೆ.